ಜರಡಿ ಹಿಡಿದ ಮಣ್ಣು

"ಗುರುಗಳೇ, ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪದಿದ್ದ ಮೇಲೆ ಉತ್ತರ ತಪ್ಪುವುದುಂಟೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಎರೆಮಣ್ಣಿನ ಸೀಮೆಯಲ್ಲಿ ಒಬ್ಬ ಪಂಡಿತನಿದ್ದ. ಬೆಳೆಗೆ ಹೊಡೆದ ಔಷಧಿ ಮಣ್ಣಿನಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ, ಎಷ್ಟು ದಿನಕ್ಕೆ ಸಾಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಹೇಳುವುದು ಅವನ ಕೆಲಸ. ಒಬ್ಬ ರೈತ ಹೆಂಗಸಿನ ಹೊಲದಿಂದ ಮಣ್ಣು ತಂದ. ಒಣಗಿಸಿ, ಹೆಂಟೆ ಒಡೆದು, ಜರಡಿ ಹಿಡಿದು ಗಾಜಿನ ಕೊಳವೆಗೆ ತುಂಬಿದ. ಔಷಧಿ ಬಿಟ್ಟು, ನೀರು ಹನಿಸಿ ಅಳೆದ. ಮೂರು ವರ್ಷ ಇದೇ ದುಡಿಮೆ. ಕೊನೆಗೆ ಅಳತೆಯೂ ಲೆಕ್ಕವೂ ಕೂಡಿಬಂದವು. ಔಷಧಿ ತಿಂಗಳಿಗೆ ಒಂದು ಗೇಣು ಇಳಿಯುತ್ತದೆ, ಅಷ್ಟರಲ್ಲಿ ಅರ್ಧ ಸಾಯುತ್ತದೆ, ಮುಂದಿನ ತಿಂಗಳು ಉಳಿದದ್ದರಲ್ಲಿ ಮತ್ತರ್ಧ. ಬಾವಿ ಮುಟ್ಟುವ ಹೊತ್ತಿಗೆ ಏನೂ ಉಳಿಯದು. ಯಾರಿಗಾದರೂ ಉಪಕಾರವಾದೀತು ಎಂದು ಅವನ ಜೀವಕ್ಕೆ ಹಿತವಾಯಿತು.

ಆ ಹೆಂಗಸಿನ ಮಗು ಆಗಷ್ಟೇ ಮೊಲೆಹಾಲು ಬಿಟ್ಟು ನೀರು ಕಲಿತಿತ್ತು. ಹಿಂದಿನ ದಿನ ಅವಳು ಕಡಲೆಗೆ ಔಷಧಿ ಹೊಡೆದಿದ್ದಳು. ಈಗ ಅಕಾಲದ ಮೋಡ ಕವಿದಿತ್ತು. ಹೊಲದ ಬಾವಿ ನೀರು ಮಗುವಿಗೆ ಕುಡಿಸಬಹುದೇ ಎಂದು ಕೇಳಲು ಬಂದಳು.

"ಧೈರ್ಯವಾಗಿ ಕುಡಿಸು ತಂಗಿ," ಎಂದು ಪಂಡಿತ ತನ್ನ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದ.

ಅವಳು ಅವನನ್ನು ಹೊಲಕ್ಕೆ ಕರೆದೊಯ್ದಳು. ಕಡಲೆ ಸಾಲುಗಳ ನಡುವೆ ನೆಲ ಬಾಯಿಬಿಟ್ಟಿತ್ತು.

"ಹ್ವಾದ ವರ್ಷ ನನ್ನ ಕುಡಗೋಲು ಇದರಾಗ ಬಿತ್ತು, ಅಣ್ಣಾರ. ಇನ್ನೂ ಸಿಕ್ಕಿಲ್ಲ. ನಿಮ್ಮ ಔಷಧಿ ಮಾತ್ರ ತಿಂಗಳಿಗೊಂದು ಗೇಣು ಇಳಿತೈತಿ ಅಂತೀರಿ. ಅದಕ್ಕೇನು ಮೊಣಕಾಲು ನೋವೇನ್ರಿ? ಮಣ್ಣನ್ನ ರೊಟ್ಟಿ ಹಿಟ್ಟಿನಂಗ ಸಾಣಿಸಿದೋರು ನೀವು. ನಾನಲ್ಲ."

ಪಂಡಿತ ನೆಲಕ್ಕೆ ಬೋರಲಾಗಿ ಬಿರುಕಿನೊಳಗೆ ಕೈ ಹಾಕಿದ. ತೋಳು ಹೆಗಲವರೆಗೆ ಇಳಿಯಿತು. ತಳ ಸಿಗಲಿಲ್ಲ. ಮಳೆ ಬಿದ್ದರೆ ನೀರು ಯಾವ ದಾರಿ ಹಿಡಿಯುತ್ತದೆ ಎಂದು ಅವನಿಗೆ ಆಗ ತಿಳಿಯಿತು. ಅವನ ಕೊಳವೆಯಲ್ಲಿ ಆ ದಾರಿಯೇ ಇರಲಿಲ್ಲ.

"ನನ್ನ ಮಾತು ವಾಪಸ್ ತಗೊಂಡೆ ತಂಗಿ. ಮಗುವಿಗೆ ಈ ನೀರು ಬೇಡ. ಊರ ನಲ್ಲಿಯಿಂದ ಹೊತ್ತು ತಾ."

ಅವನ ಮುಖ ನೋಡಿ ಅವಳ ಸಿಟ್ಟು ಇಳಿಯಿತು. ಬುತ್ತಿಗೆ ತಂದಿದ್ದ ಮಜ್ಜಿಗೆಯ ತಂಬಿಗೆ ಅವನ ಮುಂದಿಟ್ಟಳು.

"ಮೊದಲ ಕೈ ತೊಳಕೊಳ್ರಿ. ಔಷಧಿ ಅನ್ನೂದು ಬರೇ ಹೆಸರಿಗೆ."

ಅಂದು ಸಂಜೆಯೇ ಮಳೆ ಬಂತು.

ಶಿಷ್ಯ ತಡೆಯಲಾರದೆ ಕೇಳಿದ: "ಆದರೂ ಗುರುಗಳೇ, ಅವನ ಲೆಕ್ಕದಲ್ಲಿ ತಪ್ಪೆಲ್ಲಿತ್ತು?"

"ಅದರಲ್ಲಿ ಒಂದೇ ಒಂದು ಬಿರುಕೂ ಇರಲಿಲ್ಲ," ಎಂದರು ಗುರುಗಳು.