ಐದು ಸಾವಿರನೇ ಬಾಗಿಲು

ಹೊಳೆ ಬಳಸಿಕೊಂಡು ತಿರುಗುವ ಜಾಗದಲ್ಲಿ ಒಂದು ಆಶ್ರಮವಿತ್ತು. ಬೆಳಗಿನ ಹೊತ್ತು ಅಲ್ಲಿ ಹೊಳೆ ಕಾಣುತ್ತಿರಲಿಲ್ಲ. ಮಂಜು ಕಾಣುತ್ತಿತ್ತು. ಮಂಜಿನೊಳಗಿಂದ ಹುಟ್ಟು ಹಾಕುವ ಸದ್ದು ಕೇಳುತ್ತಿತ್ತು.

ಭಾಗೀರಥಮ್ಮ ಅಲ್ಲಿಯ ಗುರು. ಬಹಳ ವರ್ಷ ಕಂಪ್ಯೂಟರುಗಳ ನಡುವೆ ಬಾಳಿ, ತಲೆ ಪೂರ್ತಿ ನರೆತ ಮೇಲೆ ಈ ದಡಕ್ಕೆ ಬಂದು ಕೂತವರು. ಕಲಿಯಲು ಬಂದವರಿಗೆ ಅವರು ಹೇಳಿಕೊಡುತ್ತಿದ್ದದ್ದು ಒಂದೇ ಕೆಲಸ. ಬಾಗಿಲು ಕಾಯುವುದು.

ಹೊಳೆಯ ಎರಡೂ ದಡದ ಒಂಬತ್ತು ಆಸ್ಪತ್ರೆಗಳ ರೋಗಿಗಳ ದಾಖಲೆಗಳು ಒಂದು ಕ್ಲೌಡ್‌ನಲ್ಲಿದ್ದವು. ಅವನ್ನು ತೆರೆಯಬೇಕಾದ ಡಾಕ್ಟರೂ ನರ್ಸೂ ಮೊದಲು ಆಶ್ರಮದ ಹಿಂಬದಿ ಕೋಣೆಯ ಸರ್ವರಿನಲ್ಲಿದ್ದ ಗುರುತಿನ ಸೇವೆಗೆ ತಾವು ಯಾರೆಂದು ಹೇಳಬೇಕಿತ್ತು. ಹೆಸರೂ ಪಾಸ್‌ವರ್ಡೂ ಸರಿಹೊಂದಿದರೆ ದಾಖಲೆ ತೆರೆಯಲು ಒಂದು ಟೋಕನ್ ಸಿಗುತ್ತಿತ್ತು. ಅದರ ಆಯುಸ್ಸು ಒಂದು ಗಂಟೆ.

ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ ಮಲ್ಲಿನಾಥ. ಒಂಬತ್ತು ವರ್ಷ ಸೈಕಲ್ಲಿನಲ್ಲಿ ಅಂಚೆ ಹಂಚಿದವನು. ಹೆಂಡತಿ ತೀರಿಕೊಂಡ ಮೇಲೆ ಕೆಲಸ ಬಿಟ್ಟು, ಮನಸ್ಸು ಎಲ್ಲೂ ನಿಲ್ಲದೆ ತಿರುಗಿ, ಒಂದು ದಿನ ಈ ದಡಕ್ಕೆ ಬಂದಿದ್ದ.

ಬಂದ ದಿನವೇ ಅವನು ಕೇಳಿದ್ದ. “ಅಮ್ಮ, ಈ ಗುರುತಿನ ಸೇವೆಗೆ ಏನು ಗೊತ್ತು?”

“ಒಂದು ಪ್ರಶ್ನೆ ಗೊತ್ತು. ನೀನು ಯಾರು ಅಂತ.”

“ಉತ್ತರ?”

“ಅದು ಬಂದವರ ಹತ್ತಿರ ಇರಬೇಕು.”

ಅವನು ಮತ್ತೆ ಕೇಳಿದ. “ಅದರ ಮುಂದೆ ಇನ್ನೊಂದು ವೆಬ್ ಸರ್ವರ್ ಯಾಕೆ ಕೂರಿಸಿದ್ದೀರಿ? ಬಂದವರು ನೇರವಾಗಿ ಇದನ್ನೇ ಮಾತಾಡಿಸಬಾರದಾ?”

“ನೀನು ಅಂಚೆ ಹಂಚಿದವನಲ್ವಾ? ಮನಸ್ಸಿನ ಮಾತನ್ನ ಜನ ಹೇಗೆ ಕಳಿಸ್ತಾರೆ?”

“ಲಕೋಟೇಲಿ ಹಾಕಿ, ಅಂಟಿಸಿ. ಕೆಲವರು ಕಾರ್ಡಲ್ಲೂ ಬರೀತಾರೆ.”

“ಆ ಕಾರ್ಡನ್ನ ನೀನು ಓದ್ತಿದ್ಯಾ?”

ಮಲ್ಲಿನಾಥ ತಲೆ ತಗ್ಗಿಸಿದ. “ದಾರೀಲಿ... ಒಂದೊಂದು ಸಲ.”

“ಅದಕ್ಕೇ ಕಣಪ್ಪ,” ಎಂದರು ಅಮ್ಮ.

ಮುಂದಿನ ವೆಬ್ ಸರ್ವರು ಅಂಟಿಸಿದ ಲಕೋಟೆಯನ್ನು ಮಾತ್ರ ತೆಗೆದುಕೊಳ್ಳುತ್ತಿತ್ತು. ತಾನೇ ಬಿಚ್ಚಿ ಒಳಗಿನ ಸೇವೆಗೆ ಮುಟ್ಟಿಸಿ, ಉತ್ತರವನ್ನು ಮತ್ತೆ ಅಂಟಿಸಿ ಕಳಿಸುತ್ತಿತ್ತು. ಒಳಗಿನ ಸೇವೆಗೆ ಅಂಟಿಸುವುದು, ಬಿಚ್ಚುವುದು ಗೊತ್ತಿರಲಿಲ್ಲ. ಅದರದ್ದು ಕಾರ್ಡಿನ ಹಾಗೆ ಬಯಲು ಮಾತು.

ಸರ್ವರುಗಳಲ್ಲಿ ಬಾಗಿಲುಗಳಿಗೆ ಅಂಕಿ ಇರುತ್ತದೆ. ಒಳಗಿನ ಸೇವೆಗೆ ನೇರವಾಗಿ ಹೋಗುವ ಬಾಗಿಲಿನ ಅಂಕಿ ಐದು ಸಾವಿರ. ಹೊರಗಿನವರ ಪಾಲಿಗೆ ಅದು ಯಾವತ್ತೂ ಮುಚ್ಚಿರುತ್ತಿತ್ತು.

ಮಧ್ಯಾಹ್ನ ಮಲ್ಲಿನಾಥ ಆ ಕೋಣೆಯಲ್ಲಿ ಒಬ್ಬನೇ ಕೂರುತ್ತಿದ್ದ. ಫ್ಯಾನಿನ ಸದ್ದೂ ಹೊಳೆಯ ಸದ್ದೂ ಒಂದಾಗುತ್ತಿದ್ದವು. ಪರದೆಯ ಮೇಲೆ ಹೆಸರುಗಳು ಒಂದೊಂದಾಗಿ ತೇಲಿ ಬಂದು, ಮೇಲೆ ಸರಿದು, ಇಲ್ಲವಾಗುತ್ತಿದ್ದವು. ಅರೆನಿದ್ದೆಯಲ್ಲಿ ಅವನಿಗೆ ಅವು ಅಕ್ಷರಗಳ ಹಾಗೆ ಕಾಣುತ್ತಿರಲಿಲ್ಲ. ಯಾರೋ ದೂರದಿಂದ ನಡೆದು ಬಂದು, ಹೊಸಿಲಲ್ಲಿ ನಿಂತು, ಮೆಲ್ಲಗೆ ಹೆಸರು ಹೇಳಿದ ಹಾಗಿರುತ್ತಿತ್ತು. ಎಷ್ಟೋ ತಿಂಗಳ ಮೇಲೆ ಅವನ ಮನಸ್ಸು ಒಂದು ಕಡೆ ನಿಂತಿತ್ತು.

ಒಂದು ಗುರುವಾರ ಅಮ್ಮ ಹೊಳೆಯ ಮೇಲ್ದಂಡೆಯ ಹೊಸ ಆಸ್ಪತ್ರೆಗೆ ಹೊರಟರು. ಅಲ್ಲಿ ಐದಾರು ದಿನದ ಕೆಲಸವಿತ್ತು.

“ಮುಂದಿನ ಸರ್ವರಿನ ಸರ್ಟಿಫಿಕೇಟ್ ನಾಳೆಗೆ ಮುಗಿಯುತ್ತೆ,” ಎಂದರು ಹೊರಡುವಾಗ. “ಇದು ನಮ್ಮ ಬಾಗಿಲೇ ಅಂತ ಜನ ನಂಬೋದು ಆ ಪತ್ರದಿಂದ. ಇವತ್ತೇ ಹೊಸದು ಹಾಕು.”

“ಆಗಲಿ ಅಮ್ಮ.”

ದೋಣಿ ಮಂಜಿನೊಳಗೆ ಹೋಯಿತು. ಅವನು ಅದು ಕರಗುವವರೆಗೂ ನೋಡುತ್ತಾ ನಿಂತ. ಆಮೇಲೆ ಮರೆತ.

ಶುಕ್ರವಾರ ಬೆಳಿಗ್ಗೆ ಪರದೆ ಖಾಲಿಯಾಗಿತ್ತು. ಒಂದು ಹೆಸರೂ ಬರಲಿಲ್ಲ. ಅವನಿಗೆ ಅದು ಹಬ್ಬದ ದಿನದ ಮೌನದಂತೆ ಹಿತವಾಗಿಯೇ ಇತ್ತು. ಅಷ್ಟರಲ್ಲಿ ಫೋನು ಬಂತು. ಎದುರು ದಡದ ಡಾಕ್ಟರ್ ಲವೀನಾ.

“ಮಲ್ಲಿನಾಥ, ಏನಾಗಿದೆ ಅಲ್ಲಿ? ಯಾರಿಗೂ ಒಳಗೆ ಹೋಗೋಕಾಗ್ತಿಲ್ಲ. ಮೀನು ಹಿಡಿಯೋ ಕೆಂಚಯ್ಯ ದೋಣೀಲೇ ಬಿದ್ದುಬಿಟ್ಟಿದ್ದಾನೆ, ಪ್ರಜ್ಞೆ ಇಲ್ಲ. ಅವನಿಗೆ ಒಂದು ಇಂಜೆಕ್ಷನ್ ಒಗ್ಗಲ್ಲ ಅಂತ ಹೋದ ವರ್ಷ ನಾನೇ ಬರೆದಿಟ್ಟಿದ್ದೆ. ಯಾವುದು ಅಂತ ನೆನಪಾಗ್ತಿಲ್ಲ. ತಪ್ಪು ಔಷಧಿ ಕೊಟ್ಟರೆ ಮುಗೀತು.”

ಮಲ್ಲಿನಾಥನಿಗೆ ಆಗ ಮುಗಿದುಹೋದ ಸರ್ಟಿಫಿಕೇಟ್ ನೆನಪಾಯಿತು. ಹೊಸ ಸರ್ಟಿಫಿಕೇಟ್ ತರಿಸಿ ಹಾಕಲು ಅರ್ಧ ಗಂಟೆಯಾದರೂ ಬೇಕು.

ಅವನು ಐದು ಸಾವಿರನೇ ಬಾಗಿಲು ತೆಗೆದ.

“ಡಾಕ್ಟ್ರೇ, ವಿಳಾಸದ ಕೊನೇಲಿ ಐದು ಸಾವಿರ ಅಂತ ಸೇರಿಸಿ. ಶುರೂಲಿ ಎಚ್‌ಟಿಟಿಪಿ ಆದಮೇಲಿರೋ ‘ಎಸ್’ ಅಕ್ಷರ ತೆಗೆದುಬಿಡಿ.”

ಆ ‘ಎಸ್’ ಅಂಟಿಸಿದ ಲಕೋಟೆಯ ಗುರುತು. ಅತ್ತ ಕೀಲಿಗಳ ಸದ್ದು. ಉಸಿರು. ಆಮೇಲೆ, “ಸಿಕ್ತು!”

ಕೆಂಚಯ್ಯ ಉಳಿದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಹೊಸ ಸರ್ಟಿಫಿಕೇಟೂ ಬಂತು. ಮುಂದಿನ ಬಾಗಿಲು ಮೊದಲಿನಂತಾಯಿತು. ಸಂಜೆ ಕೆಂಚಯ್ಯನ ಹೆಂಡತಿ ಒಂದು ಗೊನೆ ಬಾಳೆಹಣ್ಣು ಕಳಿಸಿದಳು. ಡಾಕ್ಟರು ಮತ್ತೆ ಫೋನು ಮಾಡಿ, “ಇವತ್ತು ನೀನಿಲ್ಲದಿದ್ದರೆ...” ಎಂದು ಮಾತು ನಿಲ್ಲಿಸಿದರು.

ಮರುದಿನ ಅದೇ ಆಸ್ಪತ್ರೆಯ ಸಿಸ್ಟರ್ ಜಯಶೀಲಾ ಹೇಳಿದಳು. “ಅಣ್ಣಾ, ನಿಮ್ಮ ಐದು ಸಾವಿರ ಬಲು ಚುರುಕು. ಒತ್ತಿದ ತಕ್ಷಣ ತೆರೆಯುತ್ತೆ. ನಾವೆಲ್ಲ ಈಗ ಅದನ್ನೇ ಹಾಕ್ತಿದ್ದೀವಿ.”

ಮಲ್ಲಿನಾಥ ಬಾಗಿಲು ಮುಚ್ಚಲು ಕೂತ. ಬೆರಳು ಕೀಲಿಯ ಮೇಲಿಟ್ಟ. ಇನ್ನೊಂದು ಸಲ ಹೀಗೇ ಆದರೆ, ಅಂದುಕೊಂಡ. ಬೆರಳು ತೆಗೆದ.

ಎಲ್ಲರ ಬಾಯಲ್ಲೂ ತನ್ನ ಹೆಸರಿದ್ದ ಆ ದಿನಗಳಲ್ಲಿ ಅವನಿಗೆ ಹೊಳೆಯೇ ತನ್ನ ಕಡೆ ತಿರುಗಿ ಹರಿದಂತೆ ಅನ್ನಿಸುತ್ತಿತ್ತು.

ಬುಧವಾರ ಅಮ್ಮ ಬಂದರು. ಕಾಲು ತೊಳೆದು, ಮಜ್ಜಿಗೆ ಕುಡಿದು, ಬಂದುಹೋದವರ ಪಟ್ಟಿ ನೋಡುತ್ತಾ ಕೂತರು.

“ಜಯಶೀಲಾ ನಿನ್ನೆ ಹನ್ನೊಂದು ಗಂಟೆಗೆ ಬಂದಿದ್ದಾಳಾ?”

“ಬಂದಿದ್ದಾರೆ ಅಮ್ಮ. ಪಟ್ಟೀಲಿ ಇದೆಯಲ್ಲ.”

“ಸೋಮವಾರದಿಂದ ಅವಳು ಮೇಲ್ದಂಡೇಲಿ ನನ್ನ ಜೊತೆ ಇದ್ದಳು. ನಿನ್ನೆ ಹನ್ನೊಂದಕ್ಕೆ ನನ್ನೆದುರು ಕೂತು ಅವರೆಕಾಯಿ ಬಿಡಿಸ್ತಿದ್ದಳು.”

ಮಲ್ಲಿನಾಥ ಬಗ್ಗಿ ಪಟ್ಟಿಯ ಆ ಸಾಲನ್ನು ಮತ್ತೆ ಓದಿದ.

“ಹಾಗಾದರೆ ಸೇವೆ ತಪ್ಪು ಮಾಡಿದೆ ಅಮ್ಮ. ಬೇರೆ ಯಾರನ್ನೋ ಜಯಶೀಲಾ ಅಂದುಕೊಂಡಿದೆ.”

“ತಪ್ಪು ಮಾಡಿಲ್ಲ. ಹೆಸರು ಹೇಳಿದ್ದಾರೆ, ಪಾಸ್‌ವರ್ಡ್ ಹೇಳಿದ್ದಾರೆ, ಅದು ನಂಬಿದೆ. ನಂಬೋದು ಅದರ ಕೆಲಸ.” ಅಮ್ಮ ಪಟ್ಟಿಯಿಂದ ಕಣ್ಣೆತ್ತಲಿಲ್ಲ. “ಮೊದಲು ಆ ಬಾಗಿಲು ಮುಚ್ಚು.”

ಮುಚ್ಚಿದ. ಎಲ್ಲರ ಪಾಸ್‌ವರ್ಡನ್ನೂ ಬದಲಾಯಿಸುವಂತೆ ಒಂಬತ್ತೂ ಆಸ್ಪತ್ರೆಗಳಿಗೆ ಹೇಳಿದ.

ಸಂಜೆಯೊಳಗೆ ಡಾಕ್ಟರ್ ಲವೀನಾ ಎಲ್ಲ ಪತ್ತೆ ಮಾಡಿದರು. ಆಸ್ಪತ್ರೆಯ ಕಂಪ್ಯೂಟರ್ ರಿಪೇರಿಗೆ ಬರುತ್ತಿದ್ದ ಒಬ್ಬ, ಅಲ್ಲಿಯ ವೈಫೈಯಲ್ಲಿ ಹಾದುಹೋಗುತ್ತಿದ್ದ ಬಯಲು ಮಾತನ್ನು ಕದ್ದು ನೋಡಿ ಜಯಶೀಲಾಳ ಪಾಸ್‌ವರ್ಡ್ ಹಿಡಿದಿದ್ದ. ಅದರಿಂದ ಒಂದೇ ಒಂದು ದಾಖಲೆ ತೆರೆದಿದ್ದ. ಅದು ಶಾಲೆಯಲ್ಲಿ ಬಿಸಿಯೂಟ ಮಾಡುವ ದೇವೀರಮ್ಮನದು. ಅವಳಿಗೂ ಅವನಿಗೂ ನೀರಿನ ನಲ್ಲಿಯ ಜಗಳವಿತ್ತು. ನಾಲ್ಕು ವರ್ಷದ ಹಿಂದೆ ಅವಳಿಗೆ ಕ್ಷಯ ಬಂದಿತ್ತು. ಆರು ತಿಂಗಳು ಮಾತ್ರೆ ನುಂಗಿ, ಪೂರ್ತಿ ಗುಣವಾಗಿ, ಯಾರಿಗೂ ಹೇಳದೆ ಬದುಕುತ್ತಿದ್ದಳು. ಈಗ ಊರಿಗೆಲ್ಲ ಗೊತ್ತಾಗಿತ್ತು.

ಆ ರಿಪೇರಿಯವನ ಮೇಲೆ ಡಾಕ್ಟರು ಪೊಲೀಸರಿಗೆ ದೂರು ಕೊಟ್ಟರು.

“ಬಾ, ಹೋಗೋಣ,” ಎಂದರು ಅಮ್ಮ ಮರುದಿನ ಬೆಳಿಗ್ಗೆ.

ದೋಣಿಯಲ್ಲಿ ಹತ್ತು ಹನ್ನೆರಡು ಜನರಿದ್ದರು. ಹೂವಿನ ಬುಟ್ಟಿಯವಳು, ಇಬ್ಬರು ಮೇಷ್ಟ್ರು, ಕುರಿಮರಿ ಎತ್ತಿಕೊಂಡಿದ್ದ ಒಬ್ಬ ಅಜ್ಜ. ಅಮ್ಮ ಮುಂದಿನ ತುದಿಯಲ್ಲಿ ಕೂತರು. ಮಲ್ಲಿನಾಥನಿಗೆ ಹಿಂದಿನ ತುದಿಯಲ್ಲಿ ಜಾಗ ಸಿಕ್ಕಿತು. ನಡುಹೊಳೆಯಲ್ಲಿ ಯಾವ ದಡವೂ ಕಾಣುತ್ತಿರಲಿಲ್ಲ. ದೋಣಿ ಹೋಗುತ್ತಿದೆಯೋ ನಿಂತಿದೆಯೋ ತಿಳಿಯುವಂತಿರಲಿಲ್ಲ.

“ಮಲ್ಲಿನಾಥ,” ಎಂದು ಅಮ್ಮ ಅಲ್ಲಿಂದಲೇ ಕೂಗಿದರು. “ನಿನ್ನ ಪಾಸ್‌ವರ್ಡ್ ಏನು?”

ಅವನು ಗಾಬರಿಯಾದ. “ಅಮ್ಮ?”

“ಕೇಳಿಸ್ತಿಲ್ಲ. ಜೋರಾಗಿ ಹೇಳು.”

ಎಲ್ಲರೂ ಅವನ ಕಡೆ ತಿರುಗಿದರು. ಕುರಿಮರಿ ಕೂಡ ಕತ್ತೆತ್ತಿತು.

ಅದು ಅವನ ಹೆಂಡತಿ ಬದುಕಿದ್ದಾಗ ಅವನನ್ನು ಕರೆಯುತ್ತಿದ್ದ ಹೆಸರು. ಮನೆಯೊಳಗೆ, ಇಬ್ಬರೇ ಇದ್ದಾಗ. ಲೋಕದಲ್ಲಿ ಈಗ ಅವನೊಬ್ಬನಿಗೇ ಗೊತ್ತಿದ್ದ ಪದ. ಅವನು ಬಾಯಿ ತೆರೆದು, ಮತ್ತೆ ಮುಚ್ಚಿದ.

“ಐದು ದಿನ ಅವರೆಲ್ಲ ಹೀಗೆ ಕೂಗಿ ಹೇಳ್ತಿದ್ದರು,” ಎಂದರು ಅಮ್ಮ. ದನಿ ಈಗ ಮೆಲ್ಲಗಾಗಿತ್ತು. “ಕೂಗ್ತಿದ್ದೀವಿ ಅಂತ ಅವರಿಗೆ ಗೊತ್ತಿರಲಿಲ್ಲ.”

ದಡ ಬರುವವರೆಗೂ ಅವನು ನೀರನ್ನೇ ನೋಡುತ್ತಿದ್ದ.

ಶಾಲೆಯ ಅಡುಗೆಮನೆಯಲ್ಲಿ ದೇವೀರಮ್ಮ ಒಬ್ಬಳೇ ಇದ್ದಳು. ಐವತ್ತರ ಹತ್ತಿರದ ಹೆಂಗಸು. ದೊಡ್ಡ ಪಾತ್ರೆಯಲ್ಲಿ ಅನ್ನ ಹಾಗೇ ಇತ್ತು. ಜಗಲಿಯ ಮೇಲೆ ಮಕ್ಕಳು ಮನೆಯಿಂದ ತಂದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು.

ಮಲ್ಲಿನಾಥ ಕೈ ಮುಗಿದ. ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಅಮ್ಮ ಹೊರಗೆ ಹುಣಸೆ ಮರದ ಕೆಳಗೆ ನಿಂತಿದ್ದರು.

ದೇವೀರಮ್ಮ ಕೇಳಿಸಿಕೊಂಡಳು. “ನನ್ನ ಹೆಸರು ಮೊದಲೇ ಗೊತ್ತಿತ್ತಾ ನಿನಗೆ?”

“ಇಲ್ಲ ತಾಯಿ. ನಿನ್ನೆವರೆಗೂ ಗೊತ್ತಿರಲಿಲ್ಲ.”

“ಗೊತ್ತಿಲ್ಲದವಳ ಗುಟ್ಟು ನಿನ್ನ ಕೈಲಿತ್ತು.”

“ಹೌದು.”

“ನಾಲ್ಕು ವರ್ಷ ನನ್ನ ಅಕ್ಕನಿಗೂ ಹೇಳಿರಲಿಲ್ಲ ಕಣಪ್ಪ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಹೋಗು. ನಿನ್ನ ಮೇಲೆ ಸಿಟ್ಟು ಮಾಡೋಕೂ ನನಗೆ ಶಕ್ತಿ ಇಲ್ಲ.”

ಅವನು ಹೋಗಲಿಲ್ಲ. ಒಂದು ತಟ್ಟೆ ತೊಳೆದುಕೊಂಡು ಬಂದು ಮಕ್ಕಳೆದುರಿಗೆ ಜಗಲಿಯ ಮೇಲೆ ಕೂತ.

“ಅಕ್ಕ, ಹಸಿವಾಗಿದೆ. ಬಡಿಸ್ತೀರಾ?”

ಅವಳು ತುಂಬಾ ಹೊತ್ತು ಸೌಟು ಹಿಡಿದು ಹಾಗೇ ನಿಂತಿದ್ದಳು. ಆಮೇಲೆ ಬಡಿಸಿದಳು.

ಅವನು ಮಾರನೆಯ ದಿನವೂ ಬಂದ. ಅದರ ಮಾರನೆಯ ದಿನವೂ. ದೇವೀರಮ್ಮನ ಒಪ್ಪಿಗೆ ಕೇಳಿಕೊಂಡು ಡಾಕ್ಟರ್ ಲವೀನಾ ಶಾಲೆಗೆ ಬಂದು, ಕ್ಷಯ ಗುಣವಾದ ಮೇಲೆ ಯಾರಿಗೂ ಅಂಟುವುದಿಲ್ಲವೆಂದು ತಂದೆತಾಯಂದಿರಿಗೆ ತಿಳಿಸಿ ಹೇಳಿದರು. ತಾವೂ ಮಲ್ಲಿನಾಥನ ಪಕ್ಕ ಕೂತು ಉಂಡರು. ಎಂಟನೆಯ ದಿನ ಕೆಂಚಯ್ಯ ಕೋಲೂರಿಕೊಂಡು ಮೊಮ್ಮಗಳನ್ನು ಕರೆತಂದು ತಟ್ಟೆ ಹಿಡಿಸಿದ. ಆಮೇಲೆ ಮೂವರು ಮಕ್ಕಳು, ಆಮೇಲೆ ಒಂದು ಸಾಲು. ಕೆಲವರು ಕೊನೆಗೂ ಡಬ್ಬಿ ಬಿಡಲಿಲ್ಲ. ದೇವೀರಮ್ಮ ಅವರ ಕಡೆ ನೋಡುವುದನ್ನು ಬಿಟ್ಟಳು. ಮಲ್ಲಿನಾಥನೊಡನೆ ಅವಳು ಹೆಚ್ಚು ಮಾತಾಡಲಿಲ್ಲ. ಆದರೆ ಒಂದು ದಿನ, ಕೇಳದೆಯೇ, ಅವನ ತಟ್ಟೆಗೆ ಎರಡನೆಯ ಸಲ ಸಾರು ಬಿಟ್ಟಳು.

ತಿಂಗಳು ಕಳೆಯಿತು. ಹೊಳೆಯ ಮೆಟ್ಟಿಲ ಮೇಲೆ ಗುರು, ಶಿಷ್ಯ ಕೂತಿದ್ದರು. ಬಿಸಿಲು ಇನ್ನೂ ಮಂಜಿನೊಳಗೇ ಇತ್ತು. ನೀರು ಎಲ್ಲಿ ಮುಗಿದು ಗಾಳಿ ಎಲ್ಲಿ ಶುರುವಾಗುತ್ತದೆಂದು ಹೇಳುವಂತಿರಲಿಲ್ಲ.

“ಅಮ್ಮ, ಒಂದು ಕೇಳಲಾ?”

“ಕೇಳು.”

“ಬಾಗಿಲು ತೆಗೆದದ್ದಕ್ಕೆ ಕೆಂಚಯ್ಯ ಬದುಕಿದ. ಅದೇ ಬಾಗಿಲಿಂದ ದೇವೀರಮ್ಮನಿಗೆ ಹೀಗಾಯಿತು. ದಿನಾ ಯೋಚಿಸ್ತೀನಿ, ತಲೆಗೆ ಹತ್ತೋದೇ ಇಲ್ಲ. ನಾನು ಆ ಬಾಗಿಲು ತೆಗೆದದ್ದು ಸರಿಯೋ, ತಪ್ಪೋ?”

ಭಾಗೀರಥಮ್ಮ ನೀರಿನಲ್ಲಿ ಪಾದ ಇಳಿಬಿಟ್ಟರು. ಎಲ್ಲೋ ಹುಟ್ಟು ಹಾಕುವ ಸದ್ದು ಹತ್ತಿರ ಬಂದು, ದೂರ ಹೋಯಿತು.

“ತೆಗೆದದ್ದು ಕೆಂಚಯ್ಯನಿಗೋಸ್ಕರ, ಅದು ನನಗೆ ಗೊತ್ತು,” ಎಂದರು. “ತೆಗೆದೇ ಇಟ್ಟದ್ದು ಯಾರಿಗೋಸ್ಕರ, ಮಲ್ಲಿನಾಥ?”