ಟಿವಿ ನೋಡಿ ಮದುವಿಯಾದ ದ್ಯಾಮಣ್ಣ

ಕೇಳ್ರಿ, ನಡುವ ಬಾಯಿ ಹಾಕಬ್ಯಾಡ್ರಿ. ಹಾಕಿದ್ರ ನಾ ಎದ್ದು ಹೋಗಾಕಿ.

ಫಕೀರವ್ವ ಅಂತ ಒಬ್ಬಾಕಿ ಇದ್ಲು. ಆಕಿಗೊಬ್ಬ ಮಗ, ದ್ಯಾಮಣ್ಣ. ದುಡಿಯಾಕ ಎತ್ತು, ಬುದ್ಧಿಗೆ ಮಾತ್ರ ಸೊನ್ನಿ. ಹೇಳಿದ್ದನ್ನ ಮಾಡಾಂವ, ಹೇಳಿದಷ್ಟ ಮಾಡಾಂವ. "ನನ್ನ ಕಣ್ಣ ಮುಂದ ಇವನಿಗೊಂದು ಹೆಣ್ಣು ಸಿಕ್ಕರ ಸಾಕು" ಅಂತ ತಾಯಿ ಸಿಕ್ಕಸಿಕ್ಕವರ ಮುಂದ ಅಳತಿದ್ಲು.

ಸಂಜಿಯಾದ್ರ ತಾಯಿ-ಮಗ ಇಬ್ಬರೂ ಟಿವಿ ಮುಂದ. ಆಗ ಯಾವನೋ ಮಂತ್ರಿ ಹಗರಣ ನಡದಿತ್ತು. ಅವನ ಮನಿ ಗೋಡಿ ಒಡದು ಕಾಗದಪತ್ರ ತಗದ್ರು.

"ನೋಡಪಾ, ಮುಚ್ಚಿಟ್ಟದ್ದಕ್ಕ ಮರ್ಯಾದಿ ಹೋತು," ಅಂದ್ಲು ಫಕೀರವ್ವ. "ಮನಿಗೆ ಬಂದವರು ಕೇಳಿದ್ರ ಇದ್ದದ್ದು ಇದ್ದಂಗ ಹೇಳಿಬಿಡಬೇಕು."

"ಹೂನವ್ವಾ," ಅಂದ ದ್ಯಾಮಣ್ಣ.

ಮರುದಿನ ಒಂದು ಹೆಣ್ಣಿನ ಅಪ್ಪ, ಯಮನೂರಪ್ಪ, ಮನಿ ನೋಡಾಕ ಬಂದ. ಮನಿ ನೋಡಾಕ ಬರ್ತಾರಂದ್ರ ನಮ್ಮ ಕಡೆ ಗೊತ್ತಲ್ಲ, ಓಣಿಯಾಗಿನ ಸಾಮಾನೆಲ್ಲಾ ಒಂದ ಮನಿಗೆ ಬರ್ತಾವ.

"ಎಮ್ಮಿ ಚಲೋ ಐತಿ," ಅಂದ ಯಮನೂರಪ್ಪ.

"ಬಾಜೂಮನಿ ಕಲ್ಲವ್ವಂದ್ರಿ," ಅಂದ ದ್ಯಾಮಣ್ಣ. "ಸಂಜಿಗೆ ಹೊಡಕೊಂಡು ಹೋಗ್ತಾಳ."

"ಈ ಕುರ್ಚಿ?"

"ಮಾಸ್ತರರದ್ರಿ. ನೀವು ಎದ್ದ ಕೂಡ್ಲೆ ಕೊಟ್ಟು ಬರಬೇಕು. ನಿಮ್ಮ ಕೈಯಾನ ಕಪ್ಪೂ ನಮ್ಮದಲ್ರಿ."

ಯಮನೂರಪ್ಪ ಚಾ ಅರ್ಧಕ್ಕ ಬಿಟ್ಟು ಎದ್ದು ಹೋದ.

"ನಿನ್ನ ಹಡಿಯೂ ಬದಲಿ ಒಂದು ಒಳಕಲ್ಲು ಹಡದಿದ್ರ ಖಾರರ ಅರೀತಿದ್ದೆ," ಅಂತ ತಾಯಿ ಹಣಿ ಹಣಿ ಬಡಕೊಂಡ್ಲು. "ದೊಡ್ಡವರು ಕೇಳಿದ್ರ ದೊಡ್ಡವರಂಗ ಜವಾಬು ಕೊಡಬೇಕೋ. ಆ ಮಂತ್ರಿ ನೋಡು, ಟಿವಿಯವರು ಏನು ಕೇಳಿದ್ರೂ ಮಾತಿನಾಗ ಸಿಕ್ಕೊಳ್ಳಂಗಿಲ್ಲ. ಅವನ್ನ ನೋಡಿ ಕಲಿ."

"ಹೂನವ್ವಾ."

ಆ ಕಡೆ ಯಮನೂರಪ್ಪನ ಮಗಳು ಕಸ್ತೂರಿ, ಕುರ್ಚಿ ಸುದ್ದಿ ಕೇಳಿ ಹೊಟ್ಟಿ ಹಿಡಕೊಂಡು ನಕ್ಲು. "ಅವರನ್ನ ನಾ ನೋಡಬೇಕು" ಅಂತ ಹಟ ಹಿಡದ್ಲು. ಕರಸಿದ್ರು. ಹೋಗಿ ಕುಂತ ದ್ಯಾಮಣ್ಣ.

"ಎಷ್ಟು ಎಕರೆ ಬಿತ್ತೀದಿ?" ಅಂದ ಯಮನೂರಪ್ಪ.

"ಇದು ವಿರೋಧಿಗಳ ಕುತಂತ್ರ."

"ಉಪ್ಪಿಟ್ಟಿಗೆ ಉಪ್ಪು ಸಾಕೇನು?"

"ತನಿಖೆ ಆಗಲಿ, ಸತ್ಯ ಹೊರಗ ಬರ್ತೈತಿ."

"ಹುಡುಗಿ ಮನಸ್ಸಿಗೆ ಬಂದ್ಲೇನು?"

"ವಿಷಯ ಕೋರ್ಟಿನಾಗೈತಿ. ನಾ ಏನೂ ಹೇಳಂಗಿಲ್ಲ." ಹಂಗಂದ ಖರೆ, ಕಸ್ತೂರಿ ಮ್ಯಾಲಿಂದ ಕಣ್ಣು ಕೀಳಲೇ ಇಲ್ಲ.

ಯಮನೂರಪ್ಪ ಬಡಿಗಿ ಹುಡಕಾಕತ್ತಿದ. ಕಸ್ತೂರಿ ತಡದ್ಲು. "ಅಪ್ಪಾ, ಇವರು ಜನ್ಮ ಪೂರ್ತಿ ಕುಂತು ಕಲಿತರೂ ಸುಳ್ಳು ಹೇಳಾಕ ಬರಂಗಿಲ್ಲ. ನಾ ಇವರನ್ನ ಮದುವಿ ಆಗ್ತೀನಿ."

ಫಕೀರವ್ವಗ ಖುಷಿಗೆ ಅಳು ಬಂತು. ಜೋಡಿ ಅಂಜಿಕಿನೂ ಬಂತು. ಮದುವಿಗೆ ತಂದ ಎರವಲು ಸಾಮಾನು ಒಂದಾ ಎರಡಾ? ಮಗನ್ನ ಕುಂದರಿಸಿ ಹೇಳಿದ್ಲು, "ಇದು ಯಾರದು, ಅದು ಯಾರದು ಅಂತ ಮಂದಿ ಸುತ್ತಗಟ್ಟಿ ಕೇಳ್ತಾರ. ಸತ್ತರೂ ಒಂದು ಹೆಸರು ಬಾಯಾಗ ತರಬ್ಯಾಡ. ಹೋದ ವಾರ ಟಿವಿಯಾಗ ಒಬ್ಬ ಗೂಢಚಾರ ಸಿಕ್ಕಬಿದ್ದನಲ್ಲ, ಮೂರು ದಿನ ವಿಚಾರಣಿ ಮಾಡಿದ್ರೂ ಒಂದು ಹೆಸರರ ಬಾಯಿಬಿಟ್ಟಾನೇನು? ಹಂಗಿರು."

"ಹೂನವ್ವಾ."

ತಾಳಿ ಕಟ್ಟಿದ್ದಾತು, ಅಕ್ಕಿಕಾಳು ಬಿದ್ದದ್ದಾತು. ಹೆಣ್ಣನ್ನ ಮನಿ ತುಂಬಿಸಿಕೊಳ್ಳಾಕ ಕರಕೊಂಡು ಬಂದ್ರು. ಬಾಗಿಲಾಗ ದ್ಯಾಮಣ್ಣನ ಕಾಕಾ-ದೊಡ್ಡಪ್ಪನ ಕಡೆ ಅಕ್ಕ-ತಂಗೇರು ಅಡ್ಡ ನಿಂತ್ರು. ಪದ್ಧತಿ ಅಲ್ಲೇನ್ರಿ?

"ಹೆಂಡ್ತಿ ಹೆಸರು ಹೇಳು, ಒಳಗ ಬಾ."

ದ್ಯಾಮಣ್ಣ ತುಟಿ ಬಿಗಿಹಿಡದ. ಬಿಸಲು ನೆತ್ತಿಗೆ ಬಂತು. ಕಸ್ತೂರಿ ಬರಿಗಾಲು ಸುಡಾಕತ್ತು. ಹೊಸ್ತಿಲತನಕ ಬಂದ ಸೊಸಿ ಹೊರಗ ಉಳಿತಾಳಲ್ಲ ಅಂತ ಫಕೀರವ್ವ ಕೈ ಮುಗದ್ಲು. "ಹೇಳೋ ನನ್ನಪ್ಪಾ."

"ನೀನೂ ಅವರ ಕಡೆ ಕೂಡಿದೇನವ್ವಾ?"

ಅಷ್ಟರಾಗ ವಿಡಿಯೋದವ ಕ್ಯಾಮೆರಾ ಹಿಡಕೊಂಡು ಮುಂದ ಬಂದ. ಟಿವಿಯಾಗ ಕ್ಯಾಮೆರಾ ಬಂದ್ರ ಸಿಕ್ಕಬಿದ್ದವರು ಏನು ಮಾಡ್ತಾರ? ದ್ಯಾಮಣ್ಣ ಹೆಗಲ ಮ್ಯಾಲಿನ ಶಲ್ಯ ಎಳದವನ ತನ್ನ ಮುಖಕ್ಕೂ ಹೆಂಡ್ತಿ ಮುಖಕ್ಕೂ ಮುಚ್ಚಿ, ಬಾಗಿಲ ಕಡೆ ನುಗ್ಗಿದ. ಶಲ್ಯದೊಳಗ ಕಸ್ತೂರಿ ನಗಾಕತ್ತಿದ್ಲು. ಕಾಲು ಕಾಣವಲ್ಲದು.

"ಕಸ್ತೂರೀ, ಹೊಸ್ತಿಲ ಎತ್ತರೈತಿ, ಎಡವೀದಿ."

"ಹೇಳಿದ, ಹೇಳಿದ," ಅಂತ ಅಕ್ಕ-ತಂಗೇರು ದಾರಿ ಬಿಟ್ರು.

ಹೆಸರು ಬಾಯಿಬಿಟ್ಟಮ್ಯಾಲ ಇನ್ನೇನೈತಿ? ಬೇಡಿ ಹಾಕ್ರಿ ಅಂತ ದ್ಯಾಮಣ್ಣ ಎರಡೂ ಕೈ ಜೋಡಿಸಿ ಮುಂದ ಚಾಚಿ ನಿಂತ.

ಕಸ್ತೂರಿ ಆ ಕೈ ಹಿಡಕೊಂಡು ಒಳಗ ಕರಕೊಂಡು ಹೋದ್ಲು.