ದೊರೆ ಮುಟ್ಟದ ಹುಗ್ಗಿ

ಬಿಳಿಕಲ್ಲು ಕೋಟೆಯ ಪಾಳೇಗಾರ ಊಟಕ್ಕೆ ಕೂತಾಗ, ಅಡುಗೆಯ ಬೊಮ್ಮಕ್ಕ ಬಡಿಸಿದ್ದರಲ್ಲೆಲ್ಲ ಮೊದಲು ಒಂದೊಂದು ತುತ್ತು ತಿಂದು ತೋರಿಸಬೇಕಿತ್ತು. ಯಾರಾದರೂ ವಿಷ ಹಾಕಿದ್ದರೆ ಅವಳೇ ಸಾಯಲಿ ಅಂತ.

ಒಂದು ದಿನ ಬಾವಿಕಟ್ಟೆಯಲ್ಲಿ ಅವಳು, "ನಮ್ಮ ದೊರೆಯಂಥ ಪುಕ್ಕಲ ಈ ಸೀಮೆಯಲ್ಲೇ ಇಲ್ಲ" ಅಂದುಬಿಟ್ಟಳು. ಮಾತು ಕೋಟೆ ಮುಟ್ಟಿತು. ಬಂಟರು ಅವಳ ಕೈಗೆ ಹಗ್ಗ ಬಿಗಿದು ಸಭೆಗೆ ಎಳೆದು ತಂದರು.

ಪಾಳೇಗಾರ ಮೀಸೆ ತಿರುವಿದ. "ನನಗೆ ಹೆದರಿಕೆ ಇದೆ ಅಂದೆಯಂತೆ. ಎಲ್ಲಿದೆ, ತೋರಿಸು. ಇಲ್ಲವೋ, ನಾಲಿಗೆ ಕೊಯ್ಯಿಸುತ್ತೇನೆ."

"ಕೈ ಬಿಚ್ಚಿಸಿ ಬುದ್ಧಿ. ಒಲೆ ಮೇಲೆ ಹುಗ್ಗಿ ಇದೆ, ತರುತ್ತೇನೆ" ಅಂದಳು ಬೊಮ್ಮಕ್ಕ.

ತುಪ್ಪ ತೇಲುವ ಗೋಧಿ ಹುಗ್ಗಿಯ ಬಟ್ಟಲನ್ನು ತಂದು ಮುಂದಿಟ್ಟಳು. ಅವನು ಎಂದಿನಂತೆ ಅವಳ ಬಾಯಿ ನೋಡಿದ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ನಿಂತಳು.

"ಇವತ್ತು ನಾನು ತಿಂದು ತೋರಿಸೋದಿಲ್ಲ. ಹೆದರಿಕೆ ಇಲ್ಲದವರು ಉಣ್ಣಬಹುದು."

ಪಾಳೇಗಾರನ ಕೈ ಬಟ್ಟಲವರೆಗೆ ಹೋಯಿತು. ಅಲ್ಲೇ ನಿಂತಿತು. ಹುಗ್ಗಿಯ ಮೇಲಿನ ತುಪ್ಪ ಹೆಪ್ಪುಗಟ್ಟುವ ಹೊತ್ತಿಗೆ ಸಭೆಯ ಕೊನೆಯ ಬಂಟನಿಗೂ ಸಂಗತಿ ಅರ್ಥವಾಗಿತ್ತು. ಹಗ್ಗ ಹಿಡಿದವನು ಅದನ್ನು ಮೆಲ್ಲಗೆ ಬೆನ್ನ ಹಿಂದೆ ಮರೆಮಾಡಿದ.

ಬೊಮ್ಮಕ್ಕ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡು, ಬೆರಳು ನೆಕ್ಕುತ್ತ ಪೂರ್ತಿ ಉಂಡಳು.

"ಬೆಲ್ಲ ಚೂರು ಕಡಿಮೆಯಾಯಿತು ಬುದ್ಧಿ" ಎಂದು ಎದ್ದಳು. "ನಾಳೆಯಿಂದ ನಿಮ್ಮ ಹೆದರಿಕೆಗೆ ಬೇರೆ ಬಾಯಿ ಹುಡುಕಿಕೊಳ್ಳಿ."